ಸ್ಟಿಕ್ಕರ್ ಕಳಿಸಿದವರಿಗೆ ಒಂದು ಪುಸ್ತಕ

ಅಕ್ಕನ ಮಗ ಒಂಬತ್ತನೇ ತರಗತಿಯಲ್ಲಿದ್ದಾಗ ಪ್ರತಿಭಾ ಕಾರಂಜಿಯ ಭಾಷಣ ಸ್ಪರ್ಧೆಯಲ್ಲಿ ಮಾತು ಮರೆತ. ಎರಡು ನಿಮಿಷ ಚೆನ್ನಾಗಿಯೇ ಮಾತಾಡಿದವನು ಒಂದು ವಾಕ್ಯದ ನಡುವೆ ನಿಂತುಬಿಟ್ಟ. ಬಾಯಿ ಅರ್ಧ ತೆರೆದಿತ್ತು, ಕಣ್ಣು ತುಂಬಿತ್ತು. ಆ ಗಳಿಗೆಯಲ್ಲಿ ಯಾರೋ ಫೋಟೊ ತೆಗೆದರು. ಸಂಜೆ ಹೊತ್ತಿಗೆ ಹಿಂದಿನ ವೇದಿಕೆ, ಪರದೆ ಎಲ್ಲ ಕತ್ತರಿಸಿ, ಮುಖ ಮಾತ್ರ ಉಳಿಸಿ, ಅದು ವಾಟ್ಸ್ಆ್ಯಪ್ ಸ್ಟಿಕ್ಕರ್ ಆಗಿತ್ತು.

ಅವನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಮಕ್ಕಳೇ ಮಾಡಿಕೊಂಡಿದ್ದ ಗ್ರೂಪಿನಲ್ಲಿ ಒಬ್ಬರು ‘ನಾಳೆ ಮ್ಯಾತ್ಸ್ ಟೆಸ್ಟ್ ಇದ್ಯಾ?’ ಅಂತ ಕೇಳಿದರೆ ಇನ್ನೊಬ್ಬರು ಆ ಮುಖ ಕಳಿಸುತ್ತಿದ್ದರು. ‘ಹೋಂವರ್ಕ್ ಆಯ್ತಾ?’ ಅಂದರೂ ಅದೇ ಮುಖ. ವಾರದೊಳಗೆ ಬಿ ಸೆಕ್ಷನ್ನಿನ ಮಕ್ಕಳ ಫೋನಿಗೂ ಹೋಯಿತು. ‘ಗೊತ್ತಿಲ್ಲ’, ‘ಭಯ ಆಗ್ತಿದೆ’, ‘ಸತ್ತೆ ಕಣೋ’ ಎಂಬ ಎಲ್ಲ ಮಾತಿಗೂ ಅವನ ಮುಖವೇ ಸಂಕೇತವಾಯಿತು. ಮೊದಲ ಎರಡು ದಿನ ಅವನೂ ಅದರ ಕೆಳಗೆ ನಗುವ ಇಮೋಜಿ ಹಾಕಿದ್ದ. ಆಮೇಲೆ ಫೋನನ್ನು ಬೋರಲು ಹಾಕಿಡಲು ಶುರು ಮಾಡಿದ. ಸೋಮವಾರ ಬಂದರೆ ಹೊಟ್ಟೆನೋವು ಅನ್ನುತ್ತಿದ್ದ.

ಅಕ್ಕ ನನಗೆ ವಿಷಯ ಹೇಳುವಾಗ ತಿಂಗಳಾಗಿತ್ತು. ಅವನಿಗೆ ಉಪದೇಶ ಮಾಡುವ ಬದಲು ಓದಲು ಏನಾದರೂ ಕೊಡೋಣ ಅಂದುಕೊಂಡೆ. ಸಾಗರದಲ್ಲಿ ಹುಡುಕಿದೆ, ಶಿವಮೊಗ್ಗದ ಅಂಗಡಿಗಳಲ್ಲಿ ಹುಡುಕಿದೆ, ಬೆಂಗಳೂರಿಗೆ ಹೋದಾಗ ಅಲ್ಲೂ ಕೇಳಿದೆ. ವ್ಯಕ್ತಿತ್ವ ವಿಕಸನದ ಪುಸ್ತಕಗಳು ಸಾಲು ಸಾಲಾಗಿದ್ದವು. ಪರೀಕ್ಷಾ ಭಯ ನಿವಾರಣೆ, ಮಹಾಪುರುಷರ ಬಾಲ್ಯ, ನೀತಿಕಥೆಗಳು ಇದ್ದವು. ಸೈಬರ್ ಜಾಗೃತಿಯ ತೆಳು ಕೈಪಿಡಿಗಳೂ ಸಿಕ್ಕಿದವು. ಅವುಗಳ ಬುದ್ಧಿಮಾತು ಒಂದೇ ಬಗೆಯದು: ಒಟಿಪಿ ಹೇಳಬೇಡಿ, ಪಾಸ್‌ವರ್ಡ್ ಕೊಡಬೇಡಿ, ಅಪರಿಚಿತರ ಸ್ನೇಹ ಒಪ್ಪಬೇಡಿ, ಏನಾದರೂ ಆದರೆ ಹಿರಿಯರಿಗೆ ತಿಳಿಸಿ. ಎಲ್ಲವೂ ಸರಿಯಾದ ಮಾತೇ. ಆದರೆ ನಮ್ಮ ಹುಡುಗನ ಕತೆಯಲ್ಲಿ ಅಪರಿಚಿತ ಎಂಬುವನೇ ಇರಲಿಲ್ಲ. ಅವನ ಮುಖವನ್ನು ಹಂಚಿದ ಮೂವತ್ತು ಚಿಲ್ಲರೆ ಮಕ್ಕಳೂ ಅವನ ಜೊತೆ ಬಿಸಿಯೂಟಕ್ಕೆ ಸಾಲು ನಿಲ್ಲುವವರು.

ಆಗ ನನಗೆ ಹೊಳೆದದ್ದನ್ನೇ ಇಲ್ಲಿ ವಾದವಾಗಿ ಮಂಡಿಸುತ್ತಿದ್ದೇನೆ. ಹದಿಹರೆಯದವರ ಸುರಕ್ಷತೆಗೆಂದು ನಾವು ಬರೆಯುವ ಪುಸ್ತಕಗಳು ಬಹುಮಟ್ಟಿಗೆ ನೊಂದವರನ್ನೋ, ನೋಯಬಹುದಾದವರನ್ನೋ ಉದ್ದೇಶಿಸಿವೆ. ನೋಯಿಸುವವರಿಗೆ, ಅದಕ್ಕಿಂತ ಹೆಚ್ಚಾಗಿ ಸುಮ್ಮನೆ ನೋಡಿ ನಕ್ಕು ಮುಂದಕ್ಕೆ ಕಳಿಸುವವರಿಗೆ, ಕನ್ನಡದಲ್ಲಿ ಓದಲು ಹೆಚ್ಚೇನೂ ಇಲ್ಲ. ನಮಗೆ ತುರ್ತಾಗಿ ಬೇಕಾಗಿರುವುದು ಆ ಪುಸ್ತಕ.

ಮೊದಲ ತೊಡಕು ಪದದ್ದೇ. ಇಂಗ್ಲಿಷಿನ ಬುಲಿಯಿಂಗ್ ಎಂಬುದಕ್ಕೆ ಕನ್ನಡದಲ್ಲಿ ಏನನ್ನುತ್ತೇವೆ? ಕೀಟಲೆ, ಚೇಷ್ಟೆ, ಕಿಚಾಯಿಸುವುದು, ರೇಗಿಸುವುದು, ಅಣಕಿಸುವುದು, ಆಡಿಕೊಳ್ಳುವುದು, ಹಂಗಿಸುವುದು, ಗೋಳು ಹೊಯ್ದುಕೊಳ್ಳುವುದು. ಪದಗಳಿಗೆ ಬರವಿಲ್ಲ. ಆದರೆ ‘ನನ್ನ ಮೊಮ್ಮಗ ದಿನವಿಡೀ ನನ್ನ ಗೋಳು ಹೊಯ್ಕೋತಾನೆ’ ಎಂದು ಅಜ್ಜಿ ಮುದ್ದಿನಿಂದ ಹೇಳುವುದೂ ಇದೇ ಮಾತಿನಲ್ಲಿ, ಹಾಸ್ಟೆಲಿನಲ್ಲಿ ಒಬ್ಬ ಹುಡುಗನ ಹಾಸಿಗೆಗೆ ರಾತ್ರಿ ರಾತ್ರಿ ನೀರು ಸುರಿಯುವುದಕ್ಕೂ ಇದೇ ಮಾತು. ಆಟಕ್ಕೂ ಕ್ರೌರ್ಯಕ್ಕೂ ನಡುವಿನ ಗೆರೆಯನ್ನು ನಮ್ಮ ಮಾತು ಎಳೆದುಕೊಟ್ಟಿಲ್ಲ. ಹಾಗಾಗಿ ಮಗು ಮನೆಗೆ ಬಂದು ‘ರೇಗಿಸ್ತಾರೆ’ ಅಂದರೆ ನಮ್ಮ ಬಾಯಲ್ಲಿ ತಟ್ಟನೆ ಬರುವುದು ‘ನೀನೂ ರೇಗಿಸು’ ಅಥವಾ ‘ತಲೆ ಕೆಡಿಸ್ಕೋಬೇಡ’. ನಾನೂ ಹಾಗೆ ಅಂದವಳೇ.

ಈ ತೊಡಕು ನಮಗೆ ಮಾತ್ರ ಬಂದದ್ದಲ್ಲ. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನಲ್ಲಿ ಇದರ ಚರ್ಚೆ ಶುರುವಾದಾಗ ಅವರಿಗೂ ಹೊಸ ಪದವೊಂದು ಬೇಕಾಯಿತು. ಪೀಟರ್ ಪಾಲ್ ಹೈನೆಮನ್ ಎಂಬ ವೈದ್ಯರು ‘ಮಾಬಿಂಗ್’ ಎಂಬ ಪದವನ್ನು ಚಾಲ್ತಿಗೆ ತಂದರು. ಅದು ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡುವವರ ಮಾತು. ಹಗಲಲ್ಲಿ ಕಣ್ಣಿಗೆ ಬಿದ್ದ ಗೂಬೆಯನ್ನು ಕಾಗೆಗಳೆಲ್ಲ ಸೇರಿ ಮುತ್ತುತ್ತವಲ್ಲ, ಅದಕ್ಕೆ ಆ ಹೆಸರು. 1982ರಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಹುಡುಗರು ಸಹಪಾಠಿಗಳ ಕಾಟಕ್ಕೆ ಬೇಸತ್ತು ಜೀವ ಕಳೆದುಕೊಂಡರು. ಅಲ್ಲಿನ ಸರ್ಕಾರ ಮರುವರ್ಷ ದೇಶದ ಶಾಲೆಗಳಲ್ಲೆಲ್ಲ ಇದರ ವಿರುದ್ಧ ಆಂದೋಲನ ಹೂಡಿತು. ಬರ್ಗನ್ನಿನ ಮನೋವಿಜ್ಞಾನಿ ಡಾನ್ ಓಲ್ವಿಯಸ್ ಗೆರೆ ಎಳೆಯಲು ಮೂರು ಗುರುತು ಕೊಟ್ಟರು: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಇಬ್ಬರ ನಡುವೆ ಬಲದ ಅಂತರ. ಎದುರಿಗಿರುವವನಿಗೆ ತಿರುಗಿ ರೇಗಿಸಲು ಆಗುತ್ತದೆಯೇ? ಆಗುವುದಾದರೆ ಆಟ, ಆಗದಿದ್ದರೆ ಕಾಟ. ಕನ್ನಡದ ತಾಯಿಗೂ ಮೇಷ್ಟರಿಗೂ ಅರ್ಥವಾಗುವ ಅಳತೆ ಇದು.

ಆದರೆ ಸ್ಟಿಕ್ಕರಿನ ವಿಚಾರದಲ್ಲಿ ಈ ಅಳತೆಯೂ ಸಾಲದಾಯಿತು. ಅದನ್ನು ಮಾಡಿದ ಹುಡುಗ ಮಾಡಿದ್ದು ಒಮ್ಮೆ. ಅವನಿಗೆ ನೋಯಿಸುವ ಉದ್ದೇಶ ಇತ್ತೋ ಇಲ್ಲವೋ, ಅವನಿಗೇ ಗೊತ್ತಿದ್ದಂತಿರಲಿಲ್ಲ. ‘ಮತ್ತೆ ಮತ್ತೆ’ ಎಂಬ ಕೆಲಸವನ್ನು ಮಾಡಿದ್ದು ಉಳಿದವರು, ತಲಾ ಎರಡೋ ಮೂರೋ ಸಲ. ತಪ್ಪು ಅಷ್ಟು ಸಣ್ಣ ಸಣ್ಣ ಚೂರಾಗಿ ಹಂಚಿಹೋದಾಗ ಯಾರ ಪಾಲಿಗೂ ತಪ್ಪು ಅನ್ನಿಸುವಷ್ಟು ಬಂದಿರುವುದಿಲ್ಲ. ಅನುಭವಿಸುವವನಿಗೆ ಮಾತ್ರ ಅದು ಇಡಿಯಾಗಿಯೇ ಬರುತ್ತದೆ, ಶಾಲೆ ಬಿಟ್ಟ ಮೇಲೂ ಬರುತ್ತದೆ, ರಾತ್ರಿ ಹನ್ನೊಂದಕ್ಕೂ ಬರುತ್ತದೆ.

ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಅವರ ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕೈಹಿಡಿಯುತ್ತದೆ. ಕಾಟ ಕೊಡುವವನು, ಕಾಟ ಅನುಭವಿಸುವವನು ಎಂಬ ಇಬ್ಬರೇ ಇರುವ ನಾಟಕವಲ್ಲ ಇದು ಎಂದು ಅವರು ತೋರಿಸಿದರು. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಕಂಡೂ ಕಾಣದಂತೆ ಸರಿದುಹೋಗುವವರು, ನೊಂದವನ ಪರ ನಿಲ್ಲುವವರು, ಹೀಗೆ ಇಡೀ ತರಗತಿಗೇ ಪಾತ್ರ ಹಂಚಿಕೆಯಾಗಿರುತ್ತದೆ. ಈ ತಿಳಿವಳಿಕೆಯ ಮೇಲೆ ಟುರ್ಕು ವಿಶ್ವವಿದ್ಯಾಲಯದಲ್ಲಿ ‘ಕಿವಾ’ ಎಂಬ ಕಾರ್ಯಕ್ರಮ ಹುಟ್ಟಿತು. 2009ರಿಂದ ಫಿನ್ಲೆಂಡಿನ ಶಾಲೆಗಳಿಗೆಲ್ಲ ಅದನ್ನು ವಿಸ್ತರಿಸಿದರು. ಅದರ ಗುರಿ ಮುಖ್ಯವಾಗಿ ನೋಡುತ್ತ ನಿಂತವರು. ನಗುವವರು ನಗುವುದನ್ನು ನಿಲ್ಲಿಸಿದರೆ ಕಾಟ ಕೊಡುವವನಿಗೆ ಸಿಗುವ ಮರ್ಯಾದೆಯೇ ಕರಗುತ್ತದೆ ಎಂಬ ಸರಳ ಲೆಕ್ಕ.

ನಗುವವನಿಗೆ ತನ್ನ ನಗು ಹೇಗಿದೆಯೆಂದು ತೋರಿಸುವುದು ಹೇಗೆ? ಪೋಸ್ಟರ್ ಅಂಟಿಸಿದರೆ ಆಗುವುದಿಲ್ಲ. ಅಸೆಂಬ್ಲಿಯಲ್ಲಿ ಪ್ರತಿಜ್ಞೆ ಮಾಡಿಸಿದರೂ ಆಗುವುದಿಲ್ಲ, ಎಲ್ಲರೂ ಒಟ್ಟಿಗೆ ಹೇಳುವ ಮಾತಿನಲ್ಲಿ ಯಾರೂ ತನ್ನನ್ನು ಕಾಣುವುದಿಲ್ಲ. ಕತೆ ಓದುವವನ ಸ್ಥಿತಿ ಬೇರೆ. ಓದುವಾಗ ಅವನು ಒಬ್ಬನೇ ಇರುತ್ತಾನೆ. ತಾನು ಯಾವ ಪಾತ್ರದ ಹತ್ತಿರ ಕೂತಿದ್ದೇನೆಂದು ಪಕ್ಕದವರಿಗೆ ತಿಳಿಯುವುದಿಲ್ಲ. ನಾಚಿಕೆ ಪಡಬೇಕಾದರೂ ಯಾರೂ ನೋಡದ ಹಾಗೆ ಪಡಬಹುದು. ಹದಿನಾಲ್ಕರ ವಯಸ್ಸಿಗೆ ಈ ಮರೆ ಬಹಳ ಮುಖ್ಯ.

ಅಮೆರಿಕದ ಜೂಡಿ ಬ್ಲೂಮ್ 1974ರಲ್ಲಿ ‘ಬ್ಲಬ್ಬರ್’ ಎಂಬ ಕಾದಂಬರಿ ಬರೆದರು. ಐದನೇ ತರಗತಿಯ ಲಿಂಡಾ ಎಂಬ ಹುಡುಗಿ ತಿಮಿಂಗಿಲದ ಬಗ್ಗೆ ತರಗತಿಯಲ್ಲಿ ವರದಿ ಓದುತ್ತಾಳೆ. ಅವಳು ಸ್ವಲ್ಪ ದಪ್ಪಗಿದ್ದಾಳೆ. ತಿಮಿಂಗಿಲದ ಕೊಬ್ಬಿನ ಪದರಕ್ಕಿರುವ ‘ಬ್ಲಬ್ಬರ್’ ಎಂಬ ಹೆಸರೇ ಅವಳಿಗೆ ಅಂಟಿಕೊಳ್ಳುತ್ತದೆ. ಕತೆ ಹೇಳುವವಳು ಲಿಂಡಾ ಅಲ್ಲ, ಅವಳನ್ನು ಕಾಡುವ ಗುಂಪಿನಲ್ಲಿರುವ ಜಿಲ್. ಜಿಲ್ ಕೆಟ್ಟವಳಲ್ಲ. ಮನೆಯಲ್ಲಿ ಒಳ್ಳೆಯ ಅಪ್ಪ ಅಮ್ಮ ಇದ್ದಾರೆ, ನೆಚ್ಚಿನ ಗೆಳತಿ ಇದ್ದಾಳೆ. ಆದರೂ ಗುಂಪಿನ ನಾಯಕಿ ಹೇಳಿದ್ದಕ್ಕೆಲ್ಲ ಕೈಜೋಡಿಸುತ್ತಾಳೆ, ಅದರಲ್ಲಿ ಖುಷಿಯನ್ನೂ ಪಡುತ್ತಾಳೆ. ಒಂದು ದಿನ ಗುಂಪು ಅವಳ ಮೇಲೇ ತಿರುಗುತ್ತದೆ. ಕಾಡಿದವರಿಗೆ ಶಿಕ್ಷೆಯೇ ಆಗುವುದಿಲ್ಲ ಎಂದು ಈ ಪುಸ್ತಕವನ್ನು ಶಾಲಾ ಗ್ರಂಥಾಲಯಗಳಿಂದ ತೆಗೆಸಲು ಅಲ್ಲಿ ಎಷ್ಟೋ ಪೋಷಕರು ಪ್ರಯತ್ನಿಸಿದರು.

ನನಗೆ ಆ ಆಕ್ಷೇಪ ಒಪ್ಪಿಗೆಯಿಲ್ಲ. ಕೊನೆಯ ಅಧ್ಯಾಯದಲ್ಲಿ ಮುಖ್ಯೋಪಾಧ್ಯಾಯರು ಬಂದು ನ್ಯಾಯ ತೀರಿಸುವ ಪುಸ್ತಕವನ್ನು ಮಕ್ಕಳು ನಂಬುವುದಿಲ್ಲ, ತಮ್ಮ ಶಾಲೆಯಲ್ಲಿ ಹಾಗಾಗಿದ್ದನ್ನು ಅವರು ಕಂಡಿಲ್ಲ. ಅದೇ 1974ರಲ್ಲಿ ಬಂದ ರಾಬರ್ಟ್ ಕಾರ್ಮಿಯರ್ ಅವರ ‘ದಿ ಚಾಕೊಲೇಟ್ ವಾರ್’ನಲ್ಲಿ ಶಾಲೆಗಾಗಿ ಚಾಕೊಲೇಟ್ ಮಾರಲು ಒಲ್ಲೆನೆಂದ ಒಬ್ಬ ಹುಡುಗ ಕೊನೆಗೆ ಸೋತೇ ಹೋಗುತ್ತಾನೆ, ಮೇಷ್ಟರೊಬ್ಬರು ಗುಂಪಿನ ಪರವೇ ಇರುತ್ತಾರೆ. ಕಹಿಯಾದ ಪುಸ್ತಕ ಅದು. ಆದರೂ ನೊಂದ ಹುಡುಗನಿಗೆ ‘ನಿನಗಾದದ್ದನ್ನು ಸಣ್ಣದೆಂದು ನಾನು ಅನ್ನುವುದಿಲ್ಲ’ ಎಂದು ಹೇಳುತ್ತದೆ. 2012ರಲ್ಲಿ ಬಂದ ಆರ್. ಜೆ. ಪಲಾಸಿಯೊ ಅವರ ‘ವಂಡರ್’ ಇದಕ್ಕಿಂತ ಬೆಚ್ಚಗಿನ ಪುಸ್ತಕ, ಹುಟ್ಟಿನಿಂದಲೇ ಮುಖ ಬೇರೆಯಾಗಿರುವ ಹುಡುಗನ ಕತೆ. ಚಿಕ್ಕ ಮಕ್ಕಳಿಗೆ ನಾನು ಅದನ್ನೇ ಕೊಟ್ಟೇನು. ಆದರೆ ದಯೆ ತೋರಬೇಕೆಂದು ಕಲಿಸುವುದು ಒಂದು, ದಯೆ ತೋರದ ತನ್ನನ್ನು ತಾನು ಗುರುತಿಸುವಂತೆ ಮಾಡುವುದು ಇನ್ನೊಂದು.

ಕಹಿಗೂ ಒಂದು ಮಿತಿ ಇರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಜೇ ಆಶರ್ ಅವರ ‘ಥರ್ಟೀನ್ ರೀಸನ್ಸ್ ವೈ’ 2007ರಲ್ಲಿ ಬಂತು. ತನ್ನ ಸಾವಿಗೆ ಯಾರು ಯಾರು ಕಾರಣ ಎಂದು ಹುಡುಗಿಯೊಬ್ಬಳು ಕ್ಯಾಸೆಟ್ಟುಗಳಲ್ಲಿ ಹೇಳಿಟ್ಟು ಹೋಗುವ ಕತೆ. 2017ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯಾದಾಗ ಅದರಲ್ಲಿ ಸಾವನ್ನು ತೋರಿಸಿದ ರೀತಿಗೆ ಮನೋವೈದ್ಯರು ಕಟುವಾಗಿ ಆಕ್ಷೇಪಿಸಿದರು, 2019ರ ಜುಲೈಯಲ್ಲಿ ಆ ದೃಶ್ಯವನ್ನೇ ತೆಗೆದುಹಾಕಬೇಕಾಯಿತು. ನನ್ನ ತಕರಾರು ಆ ದೃಶ್ಯಕ್ಕೆ ಸೀಮಿತವಲ್ಲ. ಸತ್ತ ಮೇಲಾದರೂ ಎಲ್ಲರೂ ನನ್ನ ಮಾತು ಕೇಳುತ್ತಾರೆ ಎಂಬ ಭ್ರಮೆಯನ್ನು ಕತೆ ಕಟ್ಟಿಕೊಟ್ಟರೆ, ನೊಂದ ಮಗುವಿಗೆ ಅದು ಬಹಳ ಅಪಾಯದ ಓದು. ಇಂಥ ವಸ್ತುವಿನ ಪುಸ್ತಕ ಕನ್ನಡದಲ್ಲಿ ಬರುವುದಾದರೆ ಅದರಲ್ಲಿ ಬದುಕಿ ಉಳಿಯುವ ದಾರಿ ಕಾಣಲೇಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಹಯೋಗವಿರುವ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಪುಸ್ತಕದ ಬೆನ್ನಿಗೂ ಇರಲಿ, ಕತೆಯ ಒಳಗೂ ಇರಲಿ.

ಇಷ್ಟಾದರೂ ಈ ಕಾದಂಬರಿಗಳೆಲ್ಲ ಅಮೆರಿಕದ ಶಾಲೆಗಳ ಕತೆ. ಅಲ್ಲಿ ದಪ್ಪಗಿರುವುದು, ನೋಡಲು ಬೇರೆಯಾಗಿರುವುದು ಕಾಟಕ್ಕೆ ನೆಪ. ನಮ್ಮಲ್ಲೂ ಅದು ಉಂಟು, ಕಪ್ಪಗಿರುವವರಿಗಂತೂ ಅಡ್ಡಹೆಸರು ತಪ್ಪಿದ್ದಲ್ಲ. ಆದರೆ ನಮ್ಮ ಶಾಲೆಗಳಲ್ಲಿ ಓಲ್ವಿಯಸ್ ಹೇಳಿದ ಆ ಬಲದ ಅಂತರ ಬಹಳ ಸಲ ಗೇಟಿನ ಹೊರಗಿನಿಂದಲೇ ಬಂದಿರುತ್ತದೆ. ಯಾವ ಜಾತಿ, ಯಾವ ಕೇರಿ, ಮನೆಯ ಮಾತು ಯಾವುದು, ಆರ್‌ಟಿಇ ಸೀಟಿನಲ್ಲಿ ಬಂದವನೋ ಫೀಸು ಕಟ್ಟಿ ಬಂದವನೋ ಎಂಬುದೆಲ್ಲ ಮಕ್ಕಳಿಗೆ ಜೂನ್ ಮುಗಿಯುವುದರೊಳಗೆ ಗೊತ್ತಾಗಿರುತ್ತದೆ.

ಕನ್ನಡ ಸಾಹಿತ್ಯ ಇದನ್ನು ಬರೆದಿಲ್ಲವೆಂದಲ್ಲ. ಅರವಿಂದ ಮಾಲಗತ್ತಿಯವರ ಆತ್ಮಕಥನದ ಹೆಸರೇ ‘ಗೌರ್ಮೆಂಟ್ ಬ್ರಾಹ್ಮಣ’. ಸರ್ಕಾರದ ಸವಲತ್ತು ಪಡೆಯುವ ದಲಿತ ವಿದ್ಯಾರ್ಥಿಗಳನ್ನು ಹಂಗಿಸಲು ಬಳಸಿದ ಮಾತನ್ನೇ ಎತ್ತಿಕೊಂಡು 1994ರಲ್ಲಿ ಅವರು ಪುಸ್ತಕದ ಹಣೆಗೆ ಬರೆದರು. ಅಡ್ಡಹೆಸರನ್ನು ಹಾಕಿದವರ ಕಡೆಗೇ ತಿರುಗಿಸಿ ಹಿಡಿದ ಇಂಥ ಧೈರ್ಯವನ್ನು ನಮ್ಮ ಮಕ್ಕಳಿಗೆ ಯಾರು ಪರಿಚಯಿಸಿದ್ದಾರೆ? ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ನಾವು ಯಮುನೆ ಎಂಬ ವಿಧವೆಯ ಬಹಿಷ್ಕಾರದ ಕತೆಯಾಗಿ ಓದುತ್ತೇವೆ, ಸರಿಯೇ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಮಾಡಿದ ಚಿತ್ರಕ್ಕೆ ಸ್ವರ್ಣಕಮಲವೂ ಬಂತು. ಆದರೆ ವೇದಪಾಠಶಾಲೆಗೆ ಹೊಸದಾಗಿ ಬಂದು, ದೊಡ್ಡ ಹುಡುಗರ ಕಾಟಕ್ಕೆ ಹೆದರಿ, ಯಮುನೆಯ ಸೆರಗಿನ ಮರೆ ಹುಡುಕುವ ಪುಟ್ಟ ಹುಡುಗನ ಕಣ್ಣಿನಿಂದಲೇ ಆ ಕತೆ ನಡೆಯುತ್ತದೆ. ತಾನು ಕಾಟ ತಿಂದ ಮಗುವಿಗೆ ಊರೇ ಸೇರಿ ಒಬ್ಬಳನ್ನು ಕಾಡುವುದು ಬೇಗ ಅರ್ಥವಾಗುತ್ತದೆ. ಒಂಬತ್ತು, ಹತ್ತನೇ ತರಗತಿಯವರ ಜೊತೆ ಕೂತು ಈ ದಿಕ್ಕಿನಿಂದ ಅದನ್ನು ಓದಿಸಬಹುದು. ಬೇರು ನಮ್ಮಲ್ಲೇ ಇದೆ. ಅದರ ಮೇಲೆ ಹದಿಹರೆಯದವರ ಇವತ್ತಿನ ಬದುಕು, ಅವರ ಕೈಯಲ್ಲಿರುವ ಫೋನು, ಅವರು ಆಡುವ ಕನ್ನಡ ಚಿಗುರಲಿಲ್ಲ. ನಮ್ಮ ಮಕ್ಕಳ ಸಾಹಿತ್ಯ ಪುಟ್ಟ ಮಕ್ಕಳಿಗೆ ಪದ್ಯ ಕೊಟ್ಟಿತು, ಕಿಂದರಿಜೋಗಿಯನ್ನು ಕೊಟ್ಟಿತು. ಹದಿಮೂರು ತುಂಬಿದ ಮೇಲೆ ಮಗು ನೇರವಾಗಿ ತೇಜಸ್ವಿಯವರ ‘ಕರ್ವಾಲೊ’ಗೆ ಜಿಗಿಯಬೇಕು. ಆ ಜಿಗಿತ ಒಳ್ಳೆಯದೇ, ಆದರೆ ನಡುವಿನ ನಾಲ್ಕು ವರ್ಷಗಳು ಖಾಲಿ.

ಆನ್‌ಲೈನ್ ಸುರಕ್ಷತೆಯ ಪುಸ್ತಕಗಳಲ್ಲಿ ನನಗೆ ತೀರಾ ನೋವು ಕೊಡುವ ಸಾಲು ‘ಹಿರಿಯರಿಗೆ ತಿಳಿಸಿ’ ಎಂಬುದು. ತಿಳಿಸಿದರೆ ಏನಾಗುತ್ತದೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಮೊದಲು ಫೋನು ಹೋಗುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠಕ್ಕೆಂದು ನಾವೇ ಕೊಡಿಸಿದ ಫೋನು, ಈಗ ಅವರ ಗೆಳೆತನವೆಲ್ಲ ಇರುವ ಜಾಗ. ಹುಡುಗಿಯಾದರೆ ಇನ್ನೂ ಭಯ. ಯಾರೋ ಅವಳ ಫೋಟೊ ತಿರುಚಿ ಹಾಕಿದರೆ ‘ನಿನ್ನ ಫೋಟೊ ಅವನ ಹತ್ರ ಹೇಗೆ ಹೋಯ್ತು?’ ಎಂಬುದೇ ಮನೆಯ ಮೊದಲ ಪ್ರಶ್ನೆ. ಪಿಯುಸಿಗೆ ಊರು ಬಿಟ್ಟು ಹೋಗುವ ಮಾತು ಅಲ್ಲಿಗೆ ನಿಂತರೂ ನಿಂತಿತು. ಹೇಳಿದ್ದಕ್ಕೆ ಇಷ್ಟು ಬೆಲೆ ತೆರಬೇಕಾದಲ್ಲಿ ಸುಮ್ಮನಿರುವುದನ್ನೇ ಅವಳು ಜಾಣತನವೆಂದು ಕಲಿಯುತ್ತಾಳೆ. ಈ ಸತ್ಯ ಒಪ್ಪಿಕೊಳ್ಳದ ಪುಸ್ತಕ ಅವಳ ಪರವಾಗಿಲ್ಲ. ಅಂಥ ಪುಸ್ತಕವನ್ನು ಅಪ್ಪ ಅಮ್ಮನೂ ಓದಬೇಕು, ಮಗಳು ಓದುವ ಪ್ರತಿಯನ್ನೇ.

ಇದರ ಜೊತೆಗೆ ಮಕ್ಕಳಿಗೆ ನಿಜಕ್ಕೂ ಬೇಕಾದ ಮಾಹಿತಿ ಕೈಪಿಡಿಗಳಲ್ಲಿ ಸಿಗುವುದು ಅಪರೂಪ. ಹದಿನೆಂಟರ ಒಳಗಿನವರ ಅಶ್ಲೀಲ ಚಿತ್ರವನ್ನು ಮುಂದಕ್ಕೆ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ, ಕಳಿಸಿದವನು ಸ್ವತಃ ವಿದ್ಯಾರ್ಥಿಯಾದರೂ ಅದು ಅಪರಾಧವೇ. ಇದನ್ನು ಹುಡುಗರಿಗೆ ಮುಂಚೆಯೇ ಹೇಳಬೇಕು. ಹಾಗೆಯೇ, ಅಂಥ ಚಿತ್ರ ಹರಡೀತೆಂದು ಹೆದರಿದ ಮಗುವಿಗೆ 2023ರಲ್ಲಿ ಶುರುವಾದ ‘ಟೇಕ್ ಇಟ್ ಡೌನ್’ ಎಂಬ ಉಚಿತ ವ್ಯವಸ್ಥೆ ಇದೆ. ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಫೋನಿನಲ್ಲಿಯೇ ಅದರ ಅಂಕಿಗಳ ಗುರುತೊಂದು ತಯಾರಾಗುತ್ತದೆ, ಆ ಗುರುತು ಮಾತ್ರ ಹೋಗುತ್ತದೆ. ಇದಕ್ಕೆ ಒಪ್ಪಿರುವ ಕಂಪನಿಗಳು ಅದನ್ನಿಟ್ಟುಕೊಂಡು ತಮ್ಮ ಜಾಲದಲ್ಲಿ ಆ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಹೆಸರು ಹೇಳಬೇಕಾಗಿಲ್ಲ. ಯಾರಿಗೂ ಹೇಳಲಾಗದ ಹುಡುಗಿಗೆ ಇದು ರಾತ್ರಿಯ ಹೊತ್ತಿನ ಒಂದು ಹಿಡಿಗಂಬ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧದ ದೂರಿಗೆ 1930 ಇವೆ. ಅಲ್ಲಿಗೆ ಕರೆ ಮಾಡಿದರೆ ಆಚೆ ಬದಿಯವರು ಏನೇನು ಕೇಳಬಹುದು, ಸ್ಕ್ರೀನ್‌ಶಾಟ್ ಅಳಿಸದೆ ಇಡಬೇಕೇಕೆ ಎಂಬುದನ್ನು ಕತೆಯ ಪಾತ್ರವೊಂದು ಮಾಡಿ ತೋರಿಸಿದರೆ ಕೈಪಿಡಿಯ ಹತ್ತು ಪುಟಕ್ಕಿಂತ ಹೆಚ್ಚು ಮನಸ್ಸಿನಲ್ಲಿ ನಿಲ್ಲುತ್ತದೆ.

ಇಷ್ಟೆಲ್ಲ ಏಕೆ, ಫೋನನ್ನೇ ನಿಷೇಧಿಸಿದರಾಯಿತಲ್ಲ ಎನ್ನುವವರಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆ ಮುಚ್ಚಿಸಿದೆ. ಕಂಪನಿಗಳ ಮೇಲೆ ಹೊಣೆ ಹೊರಿಸಿದ್ದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆದರೆ ವಾಟ್ಸ್ಆ್ಯಪ್‌ನಂಥ ಸಂದೇಶ ಸೇವೆಗಳು ಆ ನಿಷೇಧದಿಂದ ಹೊರಗಿವೆ. ನಮ್ಮ ಹುಡುಗನ ಮುಖ ಓಡಾಡಿದ್ದು ಅಲ್ಲೇ. ಅದನ್ನೂ ಮುಚ್ಚಿದರೆ ಸ್ಟಿಕ್ಕರ್ ಹೋಗಿ ಅಡ್ಡಹೆಸರು ಉಳಿಯುತ್ತದೆ, ಫೋನಿಲ್ಲದ ಕಾಲದಲ್ಲೂ ಶೌಚಾಲಯದ ಗೋಡೆ ಇತ್ತು.

‘ಈಗಿನ ಮಕ್ಕಳು ಓದುವುದಿಲ್ಲ’ ಎಂಬ ಇನ್ನೊಂದು ಮಾತನ್ನು ನಾನು ನಂಬುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, 2020ರ ‘ಓದುವ ಬೆಳಕು’ ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕ ಮೇಲೆ, ನಮ್ಮೂರಿನ ಕೇಂದ್ರದಲ್ಲಿ ಸಂಜೆ ಹೊತ್ತು ಮಕ್ಕಳು ಸೇರುವುದನ್ನು ಕಂಡಿದ್ದೇನೆ. ಹೈಸ್ಕೂಲಿನವರು ಬಂದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ತಿರುವಿ ಹೋಗುತ್ತಾರೆ, ಅವರ ವಯಸ್ಸಿನದು ಬೇರೇನೂ ಆ ಕಪಾಟಿನಲ್ಲಿಲ್ಲ. ಪ್ರಕಾಶಕರು ಗ್ರಂಥಾಲಯ ಇಲಾಖೆಯ ಸಗಟು ಖರೀದಿ ನೆಚ್ಚಿಕೊಂಡವರು. ಆ ಖರೀದಿಯಲ್ಲಿ ಹದಿಹರೆಯದ ಓದಿಗೆಂದೇ ಒಂದು ಪಾಲು ತೆಗೆದಿಟ್ಟರೆ ಬರೆಯುವವರೂ ಅಚ್ಚು ಹಾಕುವವರೂ ಹುಟ್ಟಿಕೊಳ್ಳುತ್ತಾರೆ. ಆ ಪುಸ್ತಕಗಳ ಕರಡನ್ನು ಹೈಸ್ಕೂಲಿನ ಮಕ್ಕಳೇ ಮೊದಲು ಓದಬೇಕು. ಯಾವ ಮಾತು ಸುಳ್ಳೆಂದು ಅವರು ಒಂದೇ ಓದಿಗೆ ಹೇಳುತ್ತಾರೆ.

ಕೊನೆಗೆ ಅಕ್ಕನ ಮಗನಿಗೆ ಕೊಡಲು ನನಗೆ ಪುಸ್ತಕ ಸಿಗಲಿಲ್ಲ. ಸಾಗರದಿಂದ ಶಿವಮೊಗ್ಗಕ್ಕೆ ಅವನನ್ನು ಕರೆದುಕೊಂಡು ಹೋಗುವಾಗ ಬಸ್ಸಿನಲ್ಲಿ ‘ಬ್ಲಬ್ಬರ್’ ಕತೆಯನ್ನು ನನಗೆ ತಿಳಿದಂತೆ ಕನ್ನಡದಲ್ಲಿ ಹೇಳಿದೆ. ಲಿಂಡಾಳ ಬಗ್ಗೆ ಅವನು ಏನೂ ಕೇಳಲಿಲ್ಲ. ಆನಂದಪುರ ದಾಟಿದ ಮೇಲೆ ಕಿಟಕಿ ಕಡೆ ನೋಡುತ್ತಲೇ, ‘ಚಿಕ್ಕಮ್ಮ, ಎಂಟನೇ ಕ್ಲಾಸಲ್ಲಿ ಒಬ್ಳು ಹುಡುಗಿದು ಹಿಂಗೇ ಒಂದು ಸ್ಟಿಕ್ಕರ್ ಇತ್ತು. ಪಿ.ಟಿ. ಪೀರಿಯಡ್‌ನಲ್ಲಿ ಬಿದ್ದಿದ್ಲು. ನಾನೂ ಕಳಿಸ್ತಿದ್ದೆ’ ಅಂದ.

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: ‘ಈಗ ಹೋಗಿ ಸಾರಿ ಅಂದ್ರೆ, ಮರ್ತಿರೋದನ್ನ ಮತ್ತೆ ನೆನಪು ಮಾಡ್ದಂಗೆ ಆಗುತ್ತಾ?’

ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಅವಳು ಮರೆತಿರುತ್ತಾಳಾ, ನೀನು ಮರೆಯುತ್ತೀಯಾ ಅಂತ ಕೇಳಿದೆ. ತಲೆ ಅಲ್ಲಾಡಿಸಿದ. ಎಲ್ಲರೆದುರು ಹೇಳುವುದೋ ಒಬ್ಬಳಿಗೇ ಹೇಳುವುದೋ, ಫೋನಿನಲ್ಲೋ ಎದುರಿಗೋ, ಅವಳು ಸಿಟ್ಟು ಮಾಡಿಕೊಂಡರೆ ಏನು ಮಾಡುವುದು, ಆಯನೂರು ಬರುವವರೆಗೂ ಅದನ್ನೇ ಮಾತಾಡಿಕೊಂಡು ಹೋದೆವು.